ಅಮೆರಿಕದ ಮನೆಯಲ್ಲಿ 120 ಮತ್ತು 240 ವೋಲ್ಟ್ ಎರಡೂ ಹೇಗೆ ಬರುತ್ತವೆ?

ಅಮೆರಿಕದಲ್ಲಿ ಗೋಡೆಯ ಮಾಮೂಲಿ ಪ್ಲಗ್ಗಿಗೆ 120 ವೋಲ್ಟ್. ಬಟ್ಟೆ ಒಣಗಿಸುವ ಡ್ರೈಯರ್‌ಗೆ, ಕರೆಂಟ್ ಒಲೆಗೆ 240. ಮನೆಗೆ ಎರಡೆರಡು ಕನೆಕ್ಷನ್ ಇಲ್ಲ, ಇರುವುದು ಒಂದೇ.

ಕಂಬದ ಮೇಲೆ ಡ್ರಮ್ಮಿನಂಥ ಬೂದು ಟ್ರಾನ್ಸ್‌ಫಾರ್ಮರ್ ನೋಡಿರುತ್ತೀರಿ. ಎಷ್ಟೋ ಕಡೆ ಅದಕ್ಕೆ 7,200 ವೋಲ್ಟ್ ಬರುತ್ತದೆ, 240 ಹೊರಗೆ ಹೋಗುತ್ತದೆ. ಹೊರಗೆ ಕೊಡುವ ಸುರುಳಿಯ ಎರಡು ತುದಿಯಿಂದ ಒಂದೊಂದು ತಂತಿ, ನಟ್ಟನಡುವಿನಿಂದ ಮತ್ತೊಂದು. ನಡುವಿನದೇ ನ್ಯೂಟ್ರಲ್, ಅದಕ್ಕೆ ಅರ್ತಿಂಗ್ ಕೊಟ್ಟಿರುತ್ತಾರೆ. ತುದಿಯಿಂದ ತುದಿಗೆ ಅಳೆದರೆ 240, ಯಾವ ತುದಿಯಿಂದಾದರೂ ನಡುವಿಗೆ 120. ಇದನ್ನು ಟೂ ಫೇಸ್ ಅನ್ನುವವರಿದ್ದಾರೆ, ಸುಮ್ನೆ ಗೊಂದಲ. ಒಂದೇ ಫೇಸನ್ನು ನಡುವೆ ಸೀಳಿದ್ದಾರೆ ಅಷ್ಟೇ. ನಮ್ಮೂರಿನ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರ್‌ನ, ಲೆಕ್ಕ ಬೇರೆ: 11 ಕೆವಿ ಬಂದು ಮೂರು ಫೇಸ್, ಒಂದು ನ್ಯೂಟ್ರಲ್ ಆಗಿ ಹೊರಡುತ್ತದೆ, ಫೇಸ್‌ನಿಂದ ನ್ಯೂಟ್ರಲ್‌ಗೆ 230.

ಈಗ ಅಮೆರಿಕದ ಮನೆಯ ಪ್ಯಾನೆಲ್, ಅಂದರೆ ಬ್ರೇಕರ್‌ಗಳಿರುವ ಪೆಟ್ಟಿಗೆಯ, ಬಾಗಿಲು ತೆಗೆಯಿರಿ. ಬಾಗಿಲು ಮಾತ್ರ, ಸ್ಕ್ರೂ ಬಿಚ್ಚಬೇಡಿ. ಮೇನ್ ಆಫ್ ಮಾಡಿದರೂ ಹೊರಗಿಂದ ಬರುವ ದಪ್ಪ ತಂತಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಬ್ರೇಕರ್ ಈ ತುದಿಗೆ, ಮುಂದಿನದು ಆ ತುದಿಗೆ. ಹಾಗಾಗಿ ಎರಡು ಜಾಗ ಹಿಡಿದ ಜೋಡಿ ಬ್ರೇಕರ್‌ಗೆ 240 ಸಿಗುತ್ತದೆ. ಅದರ ಮೇಲೆ 30 ಅಂತಿದ್ದರೆ ಹೆಚ್ಚಾಗಿ ಡ್ರೈಯರ್, 50 ಅಂತಿದ್ದರೆ ಒಲೆ.

ಹಾಗಾದರೆ ಊರಿಂದ ತಂದ ಮಿಕ್ಸಿಯನ್ನು ಡ್ರೈಯರ್ ಪ್ಲಗ್ಗಿಗೆ ಹಾಕಬಹುದಲ್ವಾ? ಬೇಡ. ಅಲ್ಲಿ ಎರಡೂ ತಂತಿ ಲೈವ್. ಮಿಕ್ಸಿಯ ಸ್ವಿಚ್ ಒಂದನ್ನಷ್ಟೇ ಕತ್ತರಿಸುವಂಥದ್ದಾದರೆ ಆಫ್ ಮಾಡಿದ ಮೇಲೂ ಒಳಗೆ 120 ಕೂತಿರುತ್ತದೆ. ಮೇಲಾಗಿ 30 ಆಂಪ್ ಬ್ರೇಕರ್ ಟ್ರಿಪ್ ಆಗುವ ಹೊತ್ತಿಗೆ ಮಿಕ್ಸಿಯ ಸಣ್ಣ ವೈರ್ ಸುಟ್ಟೇ ಹೋಗಬಹುದು. ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ತಗೊಳ್ಳಿ, 750 ವ್ಯಾಟ್ ಮಿಕ್ಸಿಗೆ 1,500 ವ್ಯಾಟಿನದು.

ನಿಜವಾಗಿ ತಿಳಿದಿರಬೇಕಾದದ್ದು ನ್ಯೂಟ್ರಲ್ ವಿಷಯ. ಒಂದು ಕಡೆ 10 ಆಂಪ್, ಇನ್ನೊಂದು ಕಡೆ 7 ಆಂಪ್ ಓಡುತ್ತಿದ್ದರೆ ನ್ಯೂಟ್ರಲ್‌ನಲ್ಲಿ ಹರಿಯುವುದು 3 ಮಾತ್ರ. ಉಳಿದದ್ದು ಆ ತುದಿ ಈ ತುದಿ ನಡುವೆಯೇ ತೀರಿಹೋಗುತ್ತದೆ. ಆದರೆ ಈ ನ್ಯೂಟ್ರಲ್ ಕಡಿದರೆ? ಕಂಬದಿಂದ ಮನೆಗೆ ಬರುವ ತಂತಿ ಗಮನಿಸಿ, ಕಪ್ಪು ಹೊದಿಕೆಯ ಎರಡು ತಂತಿಗಳು ಒಂದು ಬರಿ ತಂತಿಗೆ ಸುತ್ತಿಕೊಂಡಿರುತ್ತವೆ. ಆ ಬರಿ ತಂತಿಯೇ ನ್ಯೂಟ್ರಲ್, ಮೂರರ ಭಾರ ಹೊರುವುದೂ ಅದೇ. ಗಾಳಿಗೆ ಕೊಂಬೆ ಬಿದ್ದು ಎಳೆದಾಗ ಅದು ಕಿತ್ತುಬರಬಹುದು. ಆಗ ಒಂದು ಕಡೆ 1,200 ವ್ಯಾಟ್ ಕೆಟಲ್, ಇನ್ನೊಂದು ಕಡೆ ಹಳೇ ತರದ 60 ವ್ಯಾಟ್ ಬಲ್ಬು ಎರಡು ಹತ್ತಿವೆ ಅಂದುಕೊಳ್ಳಿ. ಎಲ್ಲ ಒಂದೇ ಸಾಲಿಗೆ ಸೇರಿ 240ನ್ನು ಹಂಚಿಕೊಳ್ಳುತ್ತವೆ: ಬಲ್ಬುಗಳಿಗೆ ಸುಮಾರು 218, ಕೆಟಲ್‌ಗೆ ಬರೀ 22. ಬಲ್ಬು ಸಿಡಿಯುತ್ತದೆ, ನೀರು ಕಾಯುವುದಿಲ್ಲ.

ಅದಕ್ಕೇ, ಒಂದು ರೂಮಿನ ದೀಪ ಕಣ್ಣು ಕುಕ್ಕುವಷ್ಟು ಉರಿದು ಪಕ್ಕದ ರೂಮಿನದು ಮಂಕಾದರೆ ಬಲ್ಬ್ ಬದಲಾಯಿಸುತ್ತಾ ಕೂರಬೇಡಿ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಕರೆಂಟ್ ಕಂಪನಿಗೆ ಫೋನ್ ಮಾಡಿ. ಕಂಬದಿಂದ ಮೀಟರ್‌ವರೆಗಿನ ತಂತಿ ಸಾಮಾನ್ಯವಾಗಿ ಅವರದ್ದೇ ಜವಾಬ್ದಾರಿ.