ಅವಧಿಯನ್ನು ಬಿಟ್ಟು ತುದಿಯನ್ನು ಹಿಡಿದೆ: ಕಪ್ಪುರಂಧ್ರದ ಮಿಡಿತ ಅಳೆದ ನನ್ನ ಅನುಭವ

ಕಪ್ಪುರಂಧ್ರದ ಕಡೆಯಿಂದ ಬರುವ ಕ್ಷ-ಕಿರಣ ಏರಿ ಇಳಿಯುವ ಮಿಡಿತಗಳನ್ನು ಮಡಚಿ, ಅಂದರೆ ಕತ್ತರಿಸಿ ಒಂದರ ಮೇಲೊಂದಿಟ್ಟು, ಸರಾಸರಿ ನೋಡುತ್ತೇನೆ ಎಂದಿದ್ದೆ. “ಒಂದು ಮಿಡಿತದಂತೆ ಇನ್ನೊಂದು ಇಲ್ಲ, ಮಡಚಿದರೆ ಏನು ಸಿಗುತ್ತದೆ?” ಎಂದು ಮೂವರು ಕೇಳಿದ್ದರು. ಮೂವರೂ ನನಗಿಂತ ಹೆಚ್ಚು ಓದಿದವರು. ಈಗ ಚಿತ್ರ ನನ್ನ ಕೈಯಲ್ಲಿದೆ. ಜಿಆರ್‌ಎಸ್ 1915+105 ಎಂಬ ಕಪ್ಪುರಂಧ್ರದ ಮಿಡಿತದಲ್ಲಿ 20 ಕೆಇವಿಗಿಂತ (ಕೆಇವಿ ಎಂದರೆ ಕ್ಷ-ಕಿರಣದ ಶಕ್ತಿಯ ಅಳತೆ) ಮೇಲಿನ ಕ್ಷ-ಕಿರಣ, ಕೆಳಗಿನದಕ್ಕಿಂತ ಒಂದೆರಡು ಸೆಕೆಂಡು ತಡವಾಗಿ ತುದಿ ಮುಟ್ಟುತ್ತದೆ. ಈ ತಡವನ್ನು ಬೇರೆ ಉಪಗ್ರಹಗಳಿಂದ ಮೊದಲೇ ಕಂಡವರಿದ್ದಾರೆ. ನನ್ನ ಮನೆಯ ಮೇಜಿನ ಮೇಲೆಯೇ ಅದು ಕಂಡಿತು ಎಂಬುದು ನನ್ನ ಹೆಮ್ಮೆ.

ಬಳಸಿದ್ದು ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ 2017ರ ಮಾರ್ಚ್ ಕೊನೆಯ ವೀಕ್ಷಣೆ. ಸುಮಾರು 25 ಗಂಟೆಗಳ ಆ ಅವಧಿಯಲ್ಲಿ ಶಾಂತವಾಗಿದ್ದ ಈ ಕಪ್ಪುರಂಧ್ರ, 100ರಿಂದ 150 ಸೆಕೆಂಡುಗಳ ಮಿಡಿತಕ್ಕೆ ತಿರುಗುತ್ತದೆ. ಬ್ಯಾಲಾಳುವಿನ ಇಸ್ರೋ ದತ್ತಾಂಶ ಸಂಗ್ರಹದಿಂದ ರಾತ್ರಿಯ ಹೊತ್ತು ಇಳಿಸಿಕೊಂಡೆ. ಉಪಗ್ರಹದ ಕ್ಷ-ಕಿರಣ ಎಣಿಸುವ ಉಪಕರಣಗಳಲ್ಲಿ ಲ್ಯಾಕ್ಸ್‌ಪಿಸಿ-20 ಒಂದನ್ನೇ ಇಟ್ಟುಕೊಂಡೆ. ಹಳೆಯ ಲ್ಯಾಪ್‌ಟಾಪ್‌ಗೆ 22 ಸಾವಿರ, ಹಾರ್ಡ್ ಡಿಸ್ಕ್‌ಗೆ ಆರು, ಯುಪಿಎಸ್ ಬ್ಯಾಟರಿಗೆ ಮತ್ತೆ ಐದಾರು ಸಾವಿರ. ಬ್ಯಾಟರಿಯನ್ನು ಮೊದಲೇ ಕೊಳ್ಳಬೇಕಿತ್ತು. ಕರೆಂಟು ಹೋಗಿ ಎರಡು ರಾತ್ರಿಯ ಲೆಕ್ಕ ಹಾಳಾಯಿತು.

ಮೊದಲ ಸೋಲು ದೊಡ್ಡದು. ಸುಮಾರು 5,900 ಸೆಕೆಂಡಿನಲ್ಲಿ ಗಟ್ಟಿಯಾದ ಆವರ್ತನೆ ಕಂಡು ಎರಡು ದಿನ ಹಿಗ್ಗಿದೆ. ಅದು ಉಪಗ್ರಹ ಭೂಮಿಯನ್ನು ಸುತ್ತುವ 98 ನಿಮಿಷ! ಭೂಮಿ ಅಡ್ಡ ಬರುವ ಹೊತ್ತನ್ನು ನಾನು ಸರಿಯಾಗಿ ಕತ್ತರಿಸಿರಲಿಲ್ಲ. ಆಮೇಲೆ ಎರಡು ತಿಂಗಳು 130 ಸೆಕೆಂಡಿನ ಅವಧಿ ಹಿಡಿದು ಮಡಚಿದೆ. ಹತ್ತು ಮಿಡಿತ ದಾಟುವಷ್ಟರಲ್ಲಿ ಏರು ಇಳಿತದ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತಿತ್ತು.

ಒಂದು ಸಂಜೆ ಒಂದೇ ಒಂದು ಮಿಡಿತವನ್ನು ಸೆಕೆಂಡು ಸೆಕೆಂಡಾಗಿ ಕಾಗದದ ಮೇಲೆ ಬಿಡಿಸಿದೆ. ನಿಧಾನವಾದ ಏರು, ಕೊನೆಯಲ್ಲಿ ಕಡಿದಾದ ಜಿಗಿತ, ತುದಿ, ಥಟ್ಟನೆ ಕುಸಿತ. ಅವಧಿ ಬದಲಾದರೂ ತುದಿ ಮಾತ್ರ ಚೂಪಾಗಿಯೇ ಇರುತ್ತದೆ. ಹಾಗಾದರೆ ತುದಿಯಿಂದ ತುದಿಗೆ ಕತ್ತರಿಸಬಾರದೇಕೆ? ಪ್ರತಿ ತುಂಡನ್ನೂ 20 ಭಾಗ ಮಾಡಿ ಸರಾಸರಿ ತೆಗೆದೆ. ಆ ಸರಾಸರಿಯನ್ನೇ ಅಚ್ಚಾಗಿಟ್ಟು ಮತ್ತೆ ತುದಿ ಹುಡುಕಿದೆ. ಮೂರು ಸುತ್ತಿಗೆ ಆಕಾರ ನಿಂತಿತು. ನೂರರ ಆಸುಪಾಸು ಮಿಡಿತ ಉಳಿದವು. ನಡುವೆ ಬರುವ ಕುಳ್ಳ ಮಿಡಿತಗಳನ್ನು ಹೇಗೆ ಬೇರ್ಪಡಿಸಿದೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಉಪಗ್ರಹದ ಗಡಿಯಾರದ ಮೇಲೆ ಅನುಮಾನ ಬಂದು, ಏಡಿ ನೀಹಾರಿಕೆಯಲ್ಲಿ ತಿರುಗುತ್ತಾ ನಿಯಮಿತವಾಗಿ ಮಿನುಗುವ ನಕ್ಷತ್ರವಾದ ಪಲ್ಸಾರನ್ನೂ ಮಡಚಿ ನೋಡಿದೆ. 33 ಮಿಲಿಸೆಕೆಂಡಿನಲ್ಲಿ ಎರಡು ತುದಿ ಎದ್ದು ನಿಂತಾಗ ಮನಸ್ಸು ನಿರಾಳವಾಯಿತು. ಸಿಗ್ನಸ್ ಎಕ್ಸ್-1 ಎಂಬ ಇನ್ನೊಂದು ಕಪ್ಪುರಂಧ್ರ ಮಾತ್ರ ಹೆದರಿಸಿತು: ಮಿಡಿತವೇ ಇಲ್ಲದ ಕಡೆಯೂ ನನ್ನ ಪ್ರೋಗ್ರಾಂ ಚಂದದ ತುದಿ ಕೊಟ್ಟಿತು! ಎತ್ತರದ ಬಿಂದುಗಳನ್ನೇ ಆರಿಸಿ ಸೇರಿಸಿದರೆ ಗದ್ದಲದಲ್ಲೂ ತುದಿ ಹುಟ್ಟುತ್ತದೆ. ಆದ್ದರಿಂದ ತುದಿಯನ್ನು ಕಡಿಮೆ ಶಕ್ತಿಯ ಪಟ್ಟಿಯಲ್ಲಿ ಮಾತ್ರ ಆರಿಸಿ, ಹೆಚ್ಚಿನದರಲ್ಲಿ ಏನಾಗುತ್ತದೆಂದು ನೋಡಿದೆ. ಸಿಗ್ನಸ್‌ನಲ್ಲಿ ಎರಡೂ ಒಂದೇ ಜಾಗದಲ್ಲಿ ಕುಳಿತವು. ಜಿಆರ್‌ಎಸ್‌ನಲ್ಲಿ ತಡ ಹಾಗೆಯೇ ಉಳಿಯಿತು.

ಆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಮೂವರಿಗೂ ಕಳಿಸಿದೆ. ಒಬ್ಬರು ಮರುದಿನವೇ ಕುಳ್ಳ ಮಿಡಿತಗಳ ಬಗ್ಗೆ ಕೇಳಿದರು.