ವಿಮಾನದಲ್ಲಿ ಸೀಟಿನ ಕಿರಿಕಿರಿ: ಜಗಳಕ್ಕೆ ಹೋಗದೆ ನಿಭಾಯಿಸುವ ಬಗೆ

ಬೆಂಗಳೂರಿನಿಂದ ದೆಹಲಿಗೋ ಕೋಲ್ಕತ್ತಕ್ಕೋ ಹೋಗುವ ವಿಮಾನ ಹೆಚ್ಚಾಗಿ ಏರ್‌ಬಸ್ ಎ320 ಅಥವಾ ಬೋಯಿಂಗ್ 737 ಆಗಿರುತ್ತದೆ. ಓಡಾಡುವ ದಾರಿಯ ಆಚೀಚೆ ಮೂರು ಮೂರು ಸೀಟು: ಎ, ಎಫ್ ಕಿಟಕಿ, ಬಿ, ಇ ನಡುವಿನದು, ಸಿ, ಡಿ ದಾರಿಯ ಪಕ್ಕ. ಸೀಟಿನ ಅಗಲ 17-18 ಇಂಚು. ಕಡಿಮೆ ದರದ ಕಂಪನಿಗಳಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ 28ರಿಂದ 30 ಇಂಚು ಅಂತರ. ಸಾಧಾರಣ ಗಂಡಸಿನ ಭುಜವೇ ಆ ಅಗಲದ ಆಸುಪಾಸಿನಲ್ಲಿರುವುದರಿಂದ ಮೊಣಕೈ ತಾಗುವುದು ಯಾರ ತಪ್ಪೂ ಅಲ್ಲ. ತಾಗಿದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡರೆ ಎರಡೂವರೆ ಗಂಟೆ ಕಳೆಯುವುದು ಕಷ್ಟ.

ನಿಮ್ಮ ಸೀಟಿನಲ್ಲಿ ಬೇರೆಯವರು ಕೂತಿದ್ದರೆ

ಮೊದಲು ನಿಮ್ಮ ಬೋರ್ಡಿಂಗ್ ಪಾಸನ್ನೇ ಇನ್ನೊಮ್ಮೆ ನೋಡಿ. 12 ಮತ್ತು 21 ಅದಲುಬದಲಾಗುವುದು, ಸಿ ಮತ್ತು ಡಿ ಗೊಂದಲವಾಗುವುದು ದಿನಾ ನಡೆಯುವಂಥದ್ದು. ಆಮೇಲೆ ಪಾಸು ತೋರಿಸಿ, “ಸಾರ್, ಇದು 14ಸಿ ಅಲ್ವಾ? ನಿಮ್ಮದು ಒಂದ್ಸಲ ನೋಡ್ತೀರಾ?” ಅಂದರೆ ಸಾಕು. ಇಬ್ಬರ ಪಾಸಿನಲ್ಲೂ ಒಂದೇ ನಂಬರ್ ಇದ್ದರೆ ವಾದ ಬೇಡ, ಸಿಬ್ಬಂದಿಯನ್ನು ಕರೆಯಿರಿ. “ಸದ್ಯಕ್ಕೆ ಇಲ್ಲೇ ಕೂತಿರ್ತೀನಿ” ಅಂತ ಇನ್ನೊಂದು ಸೀಟಿಗೆ ಹೋಗಬೇಡಿ. ಆ ಸೀಟಿನವರು ಬಂದಾಗ ಅವರೂ ಬೇರೆ ಸೀಟು ಹುಡುಕಬೇಕಾಗುತ್ತದೆ. ಬಸ್ಸಿನಲ್ಲಿ ಟವೆಲ್ ಹಾಕಿ ಜಾಗ ಹಿಡಿಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸೀಟು ಬದಲಿಸಿಕೊಳ್ಳುವುದು

ಕೇಳುವವರು ತಾವು ಕೇಳುವ ಸೀಟಿನಷ್ಟೇ ಒಳ್ಳೆಯದನ್ನೋ, ಅದಕ್ಕಿಂತ ಒಳ್ಳೆಯದನ್ನೋ ಕೊಡಬೇಕು. ದಾರಿಯ ಪಕ್ಕದ್ದಕ್ಕೆ ದಾರಿಯ ಪಕ್ಕದ್ದು, ಮುಂದಿನ ಸಾಲಿಗೆ ಮುಂದಿನ ಸಾಲು. 28ಇ ಕೊಟ್ಟು 5ಸಿ ಕೇಳುವುದು ವಿನಂತಿಯಲ್ಲ, ಉಪಕಾರ ಬೇಡುವುದು. ಹಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಇಲ್ಲ ಅಂದರೆ ಮುಖ ಊದಿಸಿಕೊಳ್ಳಬೇಡಿ. ನಿರಾಕರಿಸುವವರೂ ಕಾರಣ ಹುಡುಕಬೇಕಿಲ್ಲ: “ಕ್ಷಮಿಸಿ, ಇದು ನಾನು ದುಡ್ಡು ಕೊಟ್ಟು ತಗೊಂಡಿದ್ದು. ಸಿಬ್ಬಂದಿಯನ್ನ ಒಮ್ಮೆ ಕೇಳಿ ನೋಡಿ.”

ಮಕ್ಕಳ ವಿಷಯ ಬೇರೆ. ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ನಂಬರಿನಲ್ಲಿ) ಪ್ರಯಾಣಿಸುವ 12 ವರ್ಷದವರೆಗಿನ ಮಗುವಿಗೆ ಕನಿಷ್ಠ ಒಬ್ಬ ಪಾಲಕರ ಪಕ್ಕ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2024ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಸೂಚಿಸಿದೆ. ಆದ್ದರಿಂದ ಅಮ್ಮ ಒಂದು ಕಡೆ, ಮಗು ಒಂದು ಕಡೆ ಆಗಿದ್ದರೆ ಸಹಪ್ರಯಾಣಿಕರನ್ನು ಗೋಗರೆಯುವ ಮೊದಲು ಚೆಕ್‌ಇನ್ ಕೌಂಟರಿನಲ್ಲೇ ಸರಿಪಡಿಸಿಕೊಳ್ಳಿ. ಬೇರೆ ಬೇರೆ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿದವರು ಇಲ್ಲೇ ಸಿಕ್ಕಿಕೊಳ್ಳುವುದು.

ಬದಲಾಯಿಸಿಕೊಂಡರೆ ಸಿಬ್ಬಂದಿಗೆ ತಿಳಿಸಿ. ಮುಂಗಡ ದುಡ್ಡು ಕೊಟ್ಟ ಊಟ ಸೀಟ್ ನಂಬರ್ ನೋಡಿಕೊಂಡೇ ಬರುತ್ತದೆ. ಹೇಳದಿದ್ದರೆ ನಿಮ್ಮ ಉಪ್ಪಿಟ್ಟು ಇನ್ನೊಬ್ಬರ ಟ್ರೇ ಮೇಲೆ. ಮೈಸೂರಿನಂಥ ನಿಲ್ದಾಣಗಳಿಗೆ ಬರುವ ಎಟಿಆರ್ 72ರಲ್ಲಿ ಎರಡೆರಡೇ ಸೀಟು, ನಡುವಿನ ಸೀಟಿನ ತಾಪತ್ರಯವಿಲ್ಲ. ಆದರೆ ಸಣ್ಣ ವಿಮಾನದಲ್ಲಿ ಜನ ಎಲ್ಲಿ ಕೂತಿದ್ದಾರೆ ಅನ್ನುವುದರ ಮೇಲೆ ತೂಕದ ಸಮತೋಲ ನಿಂತಿರುತ್ತದೆ. ಖಾಲಿ ಕಂಡರೂ ಕೇಳದೆ ಹೋಗಿ ಕೂರಬೇಡಿ.

ಕೈ ಇಡುವ ಜಾಗ

ರೂಢಿ ಇಷ್ಟೇ: ನಡುವೆ ಕೂತವರಿಗೆ ಎರಡೂ ಕಡೆಯ ಆರ್ಮ್‌ರೆಸ್ಟ್. ಕಿಟಕಿಯವರಿಗೆ ಒರಗಲು ಗೋಡೆಯಿದೆ, ದಾರಿಯ ಪಕ್ಕದವರಿಗೆ ಕಾಲು ಚಾಚಲು ಜಾಗವಿದೆ. ದಾರಿ ಬದಿಯ ಆರ್ಮ್‌ರೆಸ್ಟ್ ಮೇಲಕ್ಕೇಳುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಬಹುತೇಕ ಸೀಟುಗಳಲ್ಲಿ ಅದರ ತಳಭಾಗಕ್ಕೆ, ಹಿಂದಿನ ಕೀಲಿನ ಹತ್ತಿರ ಬೆರಳಾಡಿಸಿದರೆ ಒಂದು ಚಿಕ್ಕ ಗುಂಡಿಯೋ ಲಿವರೋ ಸಿಗುತ್ತದೆ. ಒತ್ತಿ ಹಿಡಿದು ಎತ್ತಿದರೆ ಏಳುತ್ತದೆ. ಮಂಡಿನೋವಿನ ಹಿರಿಯರಿಗೆ ಇಳಿದು ಹತ್ತಲು ಇದು ದೊಡ್ಡ ಅನುಕೂಲ. ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಕೆಳಗಿರಬೇಕು. ಮೊದಲ ಸಾಲಿನಲ್ಲಿ ಟ್ರೇ ಆರ್ಮ್‌ರೆಸ್ಟಿನೊಳಗೇ ಮಡಚಿಕೊಂಡಿರುವುದರಿಂದ ಅಲ್ಲಿ ಈ ಉಪಾಯ ಸಾಗದು.

ಪಕ್ಕದವರು ದಪ್ಪಗಿದ್ದು ನಿಮ್ಮ ಸೀಟಿನ ಮೇಲೆ ಒತ್ತುತ್ತಿದ್ದರೆ ಅವರಿಗೆ ಕೇಳಿಸುವಂತೆ ದೂರಬೇಡಿ. ಆ ಮುಜುಗರ ಅವರಿಗೂ ಇದೆ. ಬಾಗಿಲು ಮುಚ್ಚಿದ ಮೇಲೆಯೇ ಯಾವ ಸೀಟು ಖಾಲಿ ಉಳಿಯಿತೆಂಬುದು ಖಚಿತವಾಗುವುದು. ಸಿಬ್ಬಂದಿಯನ್ನು ಮೆಲ್ಲಗೆ ಕೇಳಲು ಅದೇ ಸರಿಯಾದ ಹೊತ್ತು. ಬೆಲ್ಟ್ ಸಾಲದವರಿಗೆ ಸಿಬ್ಬಂದಿಯ ಬಳಿ ಬೆಲ್ಟಿಗೆ ಜೋಡಿಸುವ ಹೆಚ್ಚುವರಿ ತುಂಡು ಇರುತ್ತದೆ.

ಒರಗುವ ಸೀಟು, ಒದೆಯುವ ಕಾಲು

ತುರ್ತು ಬಾಗಿಲಿನ ಮುಂದಿನ ಸಾಲು ಮತ್ತು ಕೊನೆಯ ಸಾಲು ಸಾಮಾನ್ಯವಾಗಿ ಒರಗುವುದಿಲ್ಲ. ಹಲವು ಕಡಿಮೆ ದರದ ವಿಮಾನಗಳಲ್ಲಿ ಯಾವ ಸೀಟೂ ಒರಗದು. ಒರಗುವುದಾದರೆ ಹಿಂದೆ ನೋಡಿ, ನಿಧಾನವಾಗಿ ಬಿಡಿ. ತೆರೆದ ಲ್ಯಾಪ್‌ಟಾಪಿನ ಪರದೆ ಟ್ರೇಯ ಮೇಲ್ಭಾಗದ ಸಂದಿಯಲ್ಲಿ ಸಿಕ್ಕಿ ಒಡೆಯುವುದು ಥಟ್ಟನೆ ಒರಗಿದಾಗಲೇ. ಮುಂದಿನವರನ್ನು ಕೇಳುವಾಗ ಅವಧಿ ಹೇಳಿ: “ಊಟ ಮುಗಿಯೋವರೆಗೆ ಸೀಟು ಸ್ವಲ್ಪ ಮುಂದಕ್ಕೆ ಮಾಡ್ಕೋತೀರಾ?” ಕೊನೆ ಗೊತ್ತಿದ್ದರೆ ಒಪ್ಪುವುದು ಸುಲಭ.

ಹಿಂದಿನ ಮಗು ಒದೆಯುವುದು ತುಂಟತನಕ್ಕೇ ಅಲ್ಲ. ಚಿಕ್ಕ ಮಕ್ಕಳ ಮಂಡಿ ಸೀಟಿನ ಅಂಚಿಗೆ ಬರುವುದಿಲ್ಲ, ಹಾಗಾಗಿ ಕಾಲು ನೇರ ನಿಮ್ಮ ಬೆನ್ನಿಗೇ ಬರುತ್ತದೆ. ಮಗುವನ್ನು ಗದರಿಸಬೇಡಿ. ಪಾಲಕರಿಗೆ, “ಪುಟ್ಟನ ಶೂ ಬಿಚ್ಚಿಸ್ತೀರಾ ಮೇಡಂ?” ಅನ್ನಿ. ಶೂ ಹೋದರೆ ಅರ್ಧ ಪೆಟ್ಟು ಹೋದಂತೆ.

ಬೇಕೆಂದೇ ಮೈ ಮುಟ್ಟಿದರೆ

ಇಲ್ಲಿ ಮೇಲಿನ ಯಾವ ನಯವೂ ಬೇಡ. “ಕೈ ತೆಗೀರಿ” ಅಂತ ಸುತ್ತಲಿನವರಿಗೆ ಕೇಳುವಂತೆ ಹೇಳಿ, ತಲೆಯ ಮೇಲಿನ ಕರೆಗುಂಡಿ ಒತ್ತಿ, ಬೇರೆ ಸೀಟು ಕೇಳಿ. ಡಿಜಿಸಿಎಯ 2017ರ ನಿಯಮದಲ್ಲಿ ಅನುಚಿತ ಸ್ಪರ್ಶ, ಲೈಂಗಿಕ ಕಿರುಕುಳ ಎರಡನೇ ದರ್ಜೆಯ ದುರ್ವರ್ತನೆ. 6 ತಿಂಗಳವರೆಗೆ ಹಾರಾಟ ನಿಷೇಧ ಬೀಳಬಹುದು. ನಿವೃತ್ತ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಕಂಪನಿಯ ಸಮಿತಿ ಅದನ್ನು 30 ದಿನದಲ್ಲಿ ತೀರ್ಮಾನಿಸಬೇಕು. ಪೈಲಟ್‌ಗೆ ವಿಷಯ ಮುಟ್ಟಿಸಲು, ಇಳಿಯುವಾಗ ಭದ್ರತಾ ಸಿಬ್ಬಂದಿಯನ್ನು ಕರೆಸಲು ವಿಮಾನದಲ್ಲೇ ಕೇಳಿ. ಫ್ಲೈಟ್ ನಂಬರ್, ಇಬ್ಬರ ಸೀಟ್ ನಂಬರ್, ಹೊತ್ತು, ನೋಡಿದವರ ಸೀಟು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕಂಪನಿಗೆ ಲಿಖಿತ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ. ಕಂಪನಿ ಸ್ಪಂದಿಸದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪಿನಲ್ಲಿ ದೂರು ದಾಖಲಿಸಬಹುದು. ಪೊಲೀಸ್ ದೂರು ಬೇಕಿದ್ದರೆ ಇಳಿದ ನಿಲ್ದಾಣದ ಠಾಣೆಗೆ ಅಂದೇ ಹೋಗಿ.