800 ಬಿಟ್ಟು ಝೆನ್ ಹಿಡಿದೆ: ಹಗುರ ಕಾರು ಆರಿಸಿದ ನನ್ನ ಅನುಭವ

ಆಟೋಕ್ರಾಸ್‌ಗೆ (ಚಿಕ್ಕ ಟ್ರ್ಯಾಕ್‌ನಲ್ಲಿ ಸಮಯ ಅಳೆದು ಓಡಿಸುವ ಕಾರು ಸ್ಪರ್ಧೆ) ಒಂದು ಕಾರು ಕಟ್ಟಬೇಕು ಅಂತ ಹೇಳಿದ ಕೂಡಲೇ ಎಲ್ಲರೂ ಕೇಳುವುದು ಎಂಜಿನ್ ಬಗ್ಗೆ. ಯಾವುದು ಹಾಕ್ತೀರಿ, ಎಷ್ಟು ಬಿಎಚ್‌ಪಿ, ಟರ್ಬೊ ಉಂಟಾ? ನಾನು ಅದನ್ನೆಲ್ಲ ಬದಿಗಿಟ್ಟು ತೂಕದಿಂದ ಶುರು ಮಾಡಿದೆ. ಪವರ್ ಜಾಸ್ತಿ ಮಾಡಿದರೆ ಕಾರು ನೇರ ದಾರಿಯಲ್ಲಿ ಚುರುಕಾಗುತ್ತದೆ, ಅಷ್ಟೇ. ತೂಕ ಇಳಿಸಿದರೆ ಎಳೆಯುವಾಗ, ತಿರುಗುವಾಗ, ನಿಲ್ಲುವಾಗ ಮೂರರಲ್ಲೂ ಲಾಭ. ಟೈರು, ಬ್ರೇಕ್ ಪ್ಯಾಡು ಕೂಡ ಜಾಸ್ತಿ ದಿನ ಬಾಳುತ್ತವೆ. ಕೈಯಿಂದ ದುಡ್ಡು ಹಾಕಿ ಓಡಿಸುವವರಿಗೆ ಇದು ಸಣ್ಣ ಮಾತಲ್ಲ.

ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ. ಇಲ್ಲಿ ಸುಲಭಕ್ಕೆ ಸಿಗುವ ಕಾರುಗಳನ್ನೇ ಲೆಕ್ಕಕ್ಕೆ ತೆಗೆದುಕೊಂಡೆ. ಮಾರುತಿ 800 ಸುಮಾರು 650 ಕೆಜಿ. ಟಾಟಾ ನ್ಯಾನೊ ಅದಕ್ಕಿಂತಲೂ ಕಮ್ಮಿ, 600ರ ಆಸುಪಾಸು. ಮಾರುತಿಯದ್ದೇ ಹಳೆಯ ಝೆನ್ 750ರ ಹತ್ತಿರ, ಹಳೆಯ ಆಲ್ಟೊ ಕೂಡ ಹೆಚ್ಚುಕಮ್ಮಿ ಅಷ್ಟೇ. ರೆನೊ ಕ್ವಿಡ್ 2015ರಲ್ಲಿ ಬಂದಾಗ 660 ಕೆಜಿ ಇತ್ತು. ಆದರೆ ಒಳಗೆಲ್ಲ ಬಿಚ್ಚಿ ರೋಲ್ ಕೇಜ್ (ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಪೈಪಿನ ಚೌಕಟ್ಟು) ಬೆಸುಗೆ ಹಾಕುವ ಕಾರಿಗೆ ಅಷ್ಟು ದುಡ್ಡು ಹಾಕಲು ಮನಸ್ಸು ಬರಲಿಲ್ಲ.

ನ್ಯಾನೊ ಮೇಲೆ ನನಗೆ ನಿಜಕ್ಕೂ ಆಸೆ ಇತ್ತು. ಎಂಜಿನ್ ಹಿಂದೆ, ಪವರ್ ಹೋಗುವುದೂ ಹಿಂದಿನ ಚಕ್ರಕ್ಕೆ, ಮಣ್ಣಿನ ಟ್ರ್ಯಾಕ್‌ನಲ್ಲಿ ಅದರ ಮಜವೇ ಬೇರೆ. ಆದರೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, 12 ಇಂಚಿನ ರಿಮ್ಮು, ಒಂದೊಂದಕ್ಕೆ ಮೂರೇ ನಟ್ಟು. 624 ಸಿಸಿಯ ಎರಡು ಸಿಲಿಂಡರ್ ಎಂಜಿನ್ 40 ಬಿಎಚ್‌ಪಿಯನ್ನೂ ಮುಟ್ಟುವುದಿಲ್ಲ. ಅದನ್ನು ತೆಗೆದು ಬೇರೆ ಕೂರಿಸಬೇಕಾದರೆ ಹಬ್ಬು (ಚಕ್ರ ಬಿಗಿಯುವ ಭಾಗ), ಬ್ರೇಕು, ಎಂಜಿನ್ ಹಿಡಿದಿಡುವ ಮೌಂಟಿಂಗು, ತಂಪಾಗಿಸುವ ವ್ಯವಸ್ಥೆ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಅದು ನನ್ನ ಕೈಲಾಗುವ ಕೆಲಸ ಆಗಿರಲಿಲ್ಲ.

ಇನ್ನು 800. ಇದರ ಬಗ್ಗೆ ಗೌರವದಿಂದಲೇ ಹೇಳುತ್ತೇನೆ. 1987ರಲ್ಲಿ ಸುಝುಕಿ ಜಪಾನಿನಲ್ಲಿ ಆಲ್ಟೊ ವರ್ಕ್ಸ್ ಅಂತ ಒಂದು ಕಾರು ತಂದಿತ್ತು. ನಮ್ಮ 800 ಯಾವ ಆಲ್ಟೊದಿಂದ ಬಂತೋ ಅದೇ ಪೀಳಿಗೆಯದು. 543 ಸಿಸಿ ಎಂಜಿನ್‌ಗೆ ಟರ್ಬೊ ಹಾಕಿ 64 ಪಿಎಸ್ (ಸುಮಾರು 63 ಬಿಎಚ್‌ಪಿ) ತೆಗೆದಿದ್ದರು. ನಮ್ಮಲ್ಲೂ ಕೊಯಮತ್ತೂರಿನ ಕರಿವರ್ಧನ್ 800ರ ಎಂಜಿನ್ ಇಟ್ಟುಕೊಂಡೇ ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದರು, ಮುಂದೆ ಫಾರ್ಮುಲಾ ಒನ್‌ಗೆ ಹೋದ ನಾರಾಯಣ್ ಕಾರ್ತಿಕೇಯನ್ ಓಡಿಸಿ ಬೆಳೆದದ್ದು ಅದೇ ಕಾರುಗಳನ್ನು. ಹಾಗಾಗಿ 800ರಲ್ಲಿ ಆಗಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆದರೂ ನಾನು ತೆಗೆದುಕೊಂಡದ್ದು ಝೆನ್. ಯಾಕೆಂದರೆ ನಾನು ನೋಡಿದ್ದು ಶೋರೂಮಿನಿಂದ ಹೊರಟಾಗ ಎಷ್ಟು ತೂಕ ಇತ್ತು ಅಂತಲ್ಲ, ಕೆಲಸ ಎಲ್ಲ ಮುಗಿದು ಸ್ಟಾರ್ಟ್ ಲೈನಿಗೆ ಬಂದು ನಿಂತಾಗ ಎಷ್ಟಿರುತ್ತದೆ ಅಂತ. 800ಕ್ಕೆ ದೊಡ್ಡ ಎಂಜಿನ್ ಹಾಕಿದರೆ 12 ಇಂಚಿನ ರಿಮ್ಮಿನೊಳಗೆ ಕೂರುವ ಬ್ರೇಕು ಸಾಲುವುದಿಲ್ಲ, 13 ಇಂಚಿಗೆ ಹೋಗಬೇಕು, ಆಗ ಹಬ್ಬೂ ಬದಲು. ಎಂಜಿನ್ ಕೂರುವ ಜಾಗ ಇಕ್ಕಟ್ಟು, ಮೌಂಟಿಂಗ್ ಕತ್ತರಿಸಿ ಹೊಸದು ಬೆಸೆಯಬೇಕು, ಬೆಸೆದಲ್ಲೆಲ್ಲ ಪ್ಲೇಟು ಹಾಕಿ ಗಟ್ಟಿ ಮಾಡಬೇಕು. ಪ್ರತಿ ಪ್ಲೇಟೂ ತೂಕವೇ ಅಲ್ವಾ? ಕಾಗದದ ಮೇಲೆ ಕೂಡಿಸಿ ನೋಡಿದರೆ ಆ 100 ಕೆಜಿ ಲಾಭದಲ್ಲಿ ಅರ್ಧ ಅಲ್ಲೇ ಕರಗಿಹೋಗುತ್ತಿತ್ತು.

ಝೆನ್‌ನಲ್ಲಿ ಈ ತಲೆಬಿಸಿ ಕಮ್ಮಿ. ಮೊದಲೇ 13 ಇಂಚಿನ ರಿಮ್ಮು. ಅದರ 993 ಸಿಸಿ ಎಂಜಿನ್ನೂ ಮಾರುತಿ ಎಸ್ಟೀಮ್‌ನ 1298 ಸಿಸಿ ಎಂಜಿನ್ನೂ ಸುಝುಕಿಯ ಒಂದೇ ಜಿ ಕುಟುಂಬದವು, ಎರಡೂ ಅಲ್ಯೂಮಿನಿಯಂ. ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಝೆನ್‌ನಲ್ಲಿ 60 ಬಿಎಚ್‌ಪಿ, 16 ವಾಲ್ವಿನ ಎಂಪಿಎಫ್ಐ ಎಸ್ಟೀಮ್‌ನಲ್ಲಿ 85. ಎಸ್ಟೀಮ್ ಸುಮಾರು 875 ಕೆಜಿಯ ಕಾರು. ಅದೇ ಎಂಜಿನ್ ಝೆನ್‌ನಲ್ಲಿ ಕೂತು 700 ಕೆಜಿ ಎಳೆದರೆ ಟನ್ನಿಗೆ 120 ಬಿಎಚ್‌ಪಿ ದಾಟುತ್ತದೆ, ಅದೂ ಎಂಜಿನ್ ಒಳಗೆ ಒಂದು ಬೋಲ್ಟೂ ಮುಟ್ಟದೆ. ಬೋರ್ ಮಾಡಿಸಿ, ಕ್ಯಾಮ್ ಬದಲಿಸಿ, ಆಮೇಲೆ ಪ್ರತಿ ಸಲ ಬಿಚ್ಚಿ ಕೂರುವ ಎಂಜಿನ್ ನನಗೆ ಬೇಡವಾಗಿತ್ತು.

ಬಾಡಿ ಹುಡುಕುವುದಕ್ಕೇ ಜಾಸ್ತಿ ಸಮಯ ಹೋಯಿತು, ಹೋಗಲೇಬೇಕು ಕೂಡ. ಎಂಜಿನ್ ಹಾಳಾದರೆ ಬೇರೆ ತರಬಹುದು, ತುಕ್ಕು ಹಿಡಿದ ಬಾಡಿಗೆ ಬೆಸುಗೆ ಹಾಕಿ ಹಾಕಿ ತೂಕ ಏರುತ್ತದೆಯೇ ಹೊರತು ಬಲ ಬರುವುದಿಲ್ಲ. ನಮ್ಮ ಜಿಲ್ಲೆಯ ಗಾಳಿಯಲ್ಲಿ ಉಪ್ಪು, ಮೇಲಿಂದ ಆ ಮಳೆ. ಉಪ್ಪಳ, ಕುಂಬಳೆ ಕಡೆ ಕಡಲ ಹತ್ತಿರ ಇದ್ದ ಕಾರುಗಳನ್ನು ನಾನು ದೂರದಿಂದಲೇ ಬಿಟ್ಟೆ. ಇನ್ನೊಂದು ಬಗೆ ನಮ್ಮಲ್ಲಿ ಜಾಸ್ತಿ: ಮನೆಯವರು ಗಲ್ಫಿನಲ್ಲಿ, ಕಾರು ಅಂಗಳದಲ್ಲಿ ಕವರ್ ಹೊದ್ದು ಮಲಗಿರುತ್ತದೆ, ರಜೆಗೆ ಬಂದಾಗ ಮಾತ್ರ ಓಡುತ್ತದೆ. ಕಿಲೋಮೀಟರ್ ಕಮ್ಮಿ, ಪೈಂಟು ಪಳಪಳ. ಮಳೆಗಾಲದಲ್ಲಿ ಕವರಿನೊಳಗೆ ಕಟ್ಟಿದ ತೇವ ಮಾತ್ರ ಹೊರಗೆ ಹೋಗಿರುವುದಿಲ್ಲ. ಗ್ಯಾರೇಜಿನ ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು, "ಮೇಲಿನ ಪೈಂಟ್ ನೋಡ್ಬೇಡಿ ಮಾರಾಯ್ರೆ, ಕಾರ್ಪೆಟ್ ಎತ್ತಿ ನೋಡಿ."

ಹಾಗೇ ನೋಡಿದೆವು. ಡ್ರೈವರ್ ಕಡೆ ಮ್ಯಾಟ್ ಎತ್ತಿ ಸದ್ದು ಕಮ್ಮಿ ಮಾಡಲು ತಳಕ್ಕೆ ಅಂಟಿಸಿದ ಡಾಂಬರು ಹಾಳೆಯ ಅಂಚನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಟಣ್ ಅನ್ನುತ್ತದೆ, ಒಳಗೆ ತಿಂದಿದ್ದರೆ ದಬ್ ಅಂತ ಮಂಕು ಸದ್ದು. ಬಾಗಿಲ ಕೆಳಗಿನ ಪಟ್ಟಿಯ ಉದ್ದಕ್ಕೂ ಅಯಸ್ಕಾಂತ ಎಳೆದುಕೊಂಡು ಹೋದೆವು. ಅದು ಹಿಡಿತ ಬಿಟ್ಟಲ್ಲಿ ತಗಡು ಹೋಗಿ ಪುಟ್ಟಿ ಬಂದಿದೆ ಅಂತಲೇ ಅರ್ಥ. ಬ್ಯಾಟರಿ ತಟ್ಟೆಯ ಕೆಳಗೆ, ಸ್ಟೆಪ್ನಿ ಇಡುವ ಗುಂಡಿ, ಮುಂದಿನ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಭಾಗ) ಮೇಲ್ತುದಿ ಬಾಡಿಗೆ ಕೂರುವ ಜಾಗ, ಈ ಮೂರನ್ನು ಬಿಡಲೇಬಾರದು. ಕೊನೆಗೆ ಮುಳ್ಳೇರಿಯ ಕಡೆ ಒಂದು ಸಿಕ್ಕಿತು. ಎಂಜಿನ್ ಹೊಗೆ ಕಕ್ಕುತ್ತಿತ್ತು, ಅದಕ್ಕೇ ರೇಟೂ ಕಮ್ಮಿ. ತಳ ಮಾತ್ರ ಹೊಸದರ ಹಾಗೆ.

ಒಂದು ವಿಷಯ ಕಾರು ಕೊಳ್ಳುವ ಮೊದಲೇ ತಿಳಿದಿರಲಿ. ಹೀಗೆ ಕಟ್ಟಿದ ಕಾರು ರಸ್ತೆಗೆ ಇಳಿಯುವ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗುವಂತೆ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಕೇರಳದ ಪ್ರಕರಣದಲ್ಲೇ. ಕೇರಳದಲ್ಲಿ ತಪಾಸಣೆ ಬಿಗಿ. ನನ್ನದು ಪಿಕಪ್ ಮೇಲೆ ಹೋಗಿ ಪಿಕಪ್ ಮೇಲೆ ಬರುತ್ತದೆ. ಆ ಬಾಡಿಗೆಯನ್ನೂ ಬಜೆಟ್ಟಿನಲ್ಲಿ ಬರೆದುಕೊಳ್ಳಿ.

ತೂಕ ಇಳಿಸುವಾಗ ಅಂದಾಜಿಗೆ ಹೋಗಲಿಲ್ಲ. ನಮ್ಮೂರಲ್ಲಿ ಅಡಿಕೆ ಅಂಗಡಿಗೊಂದು ಎಲೆಕ್ಟ್ರಾನಿಕ್ ತೂಕದ ಯಂತ್ರ ಇದ್ದೇ ಇರುತ್ತದೆ. ಬಿಚ್ಚಿದ ಪ್ರತಿಯೊಂದನ್ನೂ ಅದರ ಮೇಲಿಟ್ಟು ಪುಸ್ತಕದಲ್ಲಿ ಬರೆದೆ. ಹಿಂದಿನ ಸೀಟು, ಸ್ಟೆಪ್ನಿ, ಜಾಕಿ, ಎಸಿಯ ಕಂಪ್ರೆಸರಿನಿಂದ ಕೂಲಿಂಗ್ ಕಾಯಿಲ್ ತನಕ ಎಲ್ಲ, ಬಾಗಿಲ ಒಳಪಟ್ಟಿ, ಛಾವಣಿಯ ಬಟ್ಟೆ. ಡಾಂಬರು ಹಾಳೆಯನ್ನು ಹೀಟ್ ಗನ್‌ನಿಂದ ಬಿಸಿ ಮಾಡಿ ಪುಟ್ಟಿ ಬ್ಲೇಡಿನಲ್ಲಿ ಎಬ್ಬಿಸಿದೆವು. ಬೇಸರದ ಕೆಲಸ, ಆದರೆ ಚೀಲಕ್ಕೆ ತುಂಬಿ ಎತ್ತಿ ನೋಡಿದರೆ ಮಾಡಿದ್ದು ಸಾರ್ಥಕ ಅನ್ನಿಸುತ್ತದೆ. ಇಳಿಸಿದ್ದರಲ್ಲಿ ದೊಡ್ಡ ಪಾಲು ರೋಲ್ ಕೇಜ್‌ಗೆ ವಾಪಸ್ ಹೋಯಿತು. ಅದರ ವಿಷಯದಲ್ಲಿ ಕೆಜಿ ಲೆಕ್ಕ ಬೇಡವೇ ಬೇಡ. ಸ್ಪರ್ಧೆಯ ನಿಯಮದಲ್ಲಿ ಹೇಳಿದ ಪೈಪಿನ ದಪ್ಪಕ್ಕಿಂತ ಒಂದು ಕೂದಲೆಳೆ ಕಮ್ಮಿ ಹಾಕಬೇಡಿ. ಬಾಡಿ ತಿರುಚದೆ ನಿಂತರೆ ಸಸ್ಪೆನ್ಷನ್ ಕೂಡ ಸರಿಯಾಗಿ ಕೆಲಸ ಮಾಡುತ್ತದೆ.

ಮುಖ್ಯವಾದದ್ದು ಇನ್ನೊಂದಿದೆ. ಒಟ್ಟು ತೂಕದಷ್ಟೇ, ಅದು ಯಾವ ಚಕ್ರದ ಮೇಲೆ ಎಷ್ಟು ಕೂತಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮುಂದೆ ಎಂಜಿನ್ ಇರುವ ಕಾರಿನ ಹಿಂದಿನ ಸೀಟು, ಸ್ಟೆಪ್ನಿ ತೆಗೆದರೆ ಹಿಂಭಾಗ ತೀರಾ ಹಗುರಾಗುತ್ತದೆ. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಸುತ್ತಿಬಿಡುತ್ತದೆ. ನಾಲ್ಕು ಅಂಗಡಿಗಳಿಂದ ನಾಲ್ಕು ಯಂತ್ರ ಕೇಳಿ ತಂದು, ಗ್ಯಾರೇಜಿನ ನೆಲ ಮಟ್ಟ ನೋಡಿ, ಒಂದೊಂದು ಚಕ್ರದ ಕೆಳಗೆ ಒಂದೊಂದು ಇಟ್ಟೆವು. ಡ್ರೈವರ್ ಸೀಟಿನಲ್ಲಿ ನಾನೇ ಹೆಲ್ಮೆಟ್ ಹಾಕಿಕೊಂಡು ಕೂತೆ. 700 ಕೆಜಿ ಕಾರಿನಲ್ಲಿ 70 ಕೆಜಿಯ ಮನುಷ್ಯ ಅಂದರೆ ಹತ್ತರಲ್ಲೊಂದು ಪಾಲು, ಅವನನ್ನು ಬಿಟ್ಟು ತೂಗಿದರೆ ಏನೂ ಗೊತ್ತಾಗುವುದಿಲ್ಲ. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಭಾರ ಮುಂದೆಯೇ ಇತ್ತು. ಬ್ಯಾಟರಿಯನ್ನು ಸೀಲ್ ಆದ ಪೆಟ್ಟಿಗೆಯಲ್ಲಿ ಹಿಂದೆ ಎಡಬದಿಗೆ ಕೂರಿಸಿದೆವು, ಬಲಗಡೆ ನಾನಿರುತ್ತೇನಲ್ಲ. ಬೆಂಕಿ ನಂದಿಸುವ ಸಿಲಿಂಡರನ್ನು ಕೈಗೆ ಸಿಗುವ ಹಾಗೆ ಎಡಬದಿಯ ನೆಲಕ್ಕೆ ಬಿಗಿದೆವು. ಹಿಂದಿನ ಬ್ರೇಕಿನ ಒತ್ತಡ ತಗ್ಗಿಸಲು ತಿರುಪಿ ಹೊಂದಿಸುವ ವಾಲ್ವ್ ಹಾಕಿದ ಮೇಲೆ ಕಾರು ನೇರ ನಿಲ್ಲಲು ಶುರುವಾಯಿತು.

ಎಂಜಿನ್ ಹುಡುಕುವವರಿಗೆ ಒಂದು ಮಾತು: ಚೆನ್ನೈನ ಪುದುಪೇಟೆಯೋ ಬೆಂಗಳೂರಿನ ಶಿವಾಜಿನಗರವೋ, ಎಲ್ಲಿಂದ ತಂದರೂ ಬರೀ ಎಂಜಿನ್ ತರಬೇಡಿ. ಗೇರ್‌ಬಾಕ್ಸು, ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗು, ಸೆನ್ಸರು ಎಲ್ಲ ಒಂದೇ ಕಾರಿನದ್ದು ತನ್ನಿ, ಬಿಲ್ಲೂ ಎಂಜಿನ್ ನಂಬರೂ ತಾಳೆ ಆಗುತ್ತದಾ ನೋಡಿ. ವೈರಿಂಗ್ ಕತ್ತರಿಸಿ ಜೋಡಿಸಿದ್ದಾದರೆ ಅರ್ಧ ರೇಟಿಗೆ ಕೊಟ್ಟರೂ ಬೇಡ.

ಈಗ ಉಳಿದಿರುವುದು ಹಿಂದಿನ ಸ್ಪ್ರಿಂಗಿನ ಕೆಲಸ. ಐದು ಜನರ ಭಾರಕ್ಕೆ ಮಾಡಿದ ಸ್ಪ್ರಿಂಗು, ಮೇಲೆ ಭಾರ ಇಲ್ಲದೆ ಕಾರಿನ ಹಿಂಭಾಗ ಎತ್ತರಕ್ಕೆ ನಿಂತಿದೆ. ಸುಮ್ನೆ ಸುತ್ತು ಕತ್ತರಿಸಿ ತಗ್ಗಿಸುವುದು ಬೇಡ ಅಂತ ಮೇಸ್ತ್ರಿಗೆ ಹೇಳಿದ್ದೇನೆ. ಚಕ್ರ ಪೂರ್ತಿ ಕೆಳಗೆ ಇಳಿದಾಗ ಸ್ಪ್ರಿಂಗ್ ಜಾಗ ಬಿಟ್ಟು ಜಾರುತ್ತದೆ. ಆ ನಾಲ್ಕು ಯಂತ್ರಗಳ ಅಂಕೆ ಇಟ್ಟುಕೊಂಡು ಸರಿಯಾದ ಉದ್ದ, ಸರಿಯಾದ ಬಿಗಿಯ ಜೋಡಿ ಮಾಡಿಸಲು ಕೊಯಮತ್ತೂರಿಗೆ ಅಳತೆ ಕಳಿಸಿದ್ದೇನೆ. ಅದು ಬಂದ ಮೇಲೆ ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದ ಕರಿ ಸ್ಪೀಡ್‌ವೇಗೆ ಒಯ್ಯುವ ಯೋಚನೆ ಇದೆ. ಸುಮಾರು 2.1 ಕಿ.ಮೀ.ನ ಟ್ರ್ಯಾಕ್ ಅದು, ಬ್ರೇಕೂ ತಿರುವೂ ಎರಡೂ ಅಲ್ಲಿ ಪರೀಕ್ಷೆ ಆಗುತ್ತವೆ.